ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಉಳಿಸುವ ಆ್ಯಂಟಿಬಯಾಟಿಕ್

ಉರಿಮೂತ್ರಕ್ಕೆಂದು ಆ್ಯಂಟಿಬಯಾಟಿಕ್ ನುಂಗಿದ ಹಲವರಿಗೆ ಎರಡು ಮೂರು ದಿನಕ್ಕೆ ಹೊಟ್ಟೆ ಕೆಡುತ್ತದೆ. ಮಾತ್ರೆ ಉಷ್ಣ ಎಂದುಕೊಂಡು ಮಜ್ಜಿಗೆ ಕುಡಿದು ಸುಮ್ಮನಾಗುತ್ತಾರೆ. ಹೆಚ್ಚಿನ ಸಲ ಆಗಿರುವುದೇ ಬೇರೆ: ರೋಗಾಣುವಿನ ಜೊತೆಗೆ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳೂ ಸತ್ತಿರುತ್ತವೆ. ನಾರಿನಂಶವನ್ನು ಅರಗಿಸಿ ಕರುಳಿನ ಒಳಪದರಕ್ಕೆ ಆಹಾರ ಒದಗಿಸುವುದು, ಕೇಡಿನ ಜೀವಿಗಳಿಗೆ ಎಡೆಗೊಡದಿರುವುದು ಅವುಗಳ ಕೆಲಸ. ಅವು ಇಲ್ಲವಾದ ಜಾಗದಲ್ಲಿ ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸೀಲ್ ಬೆಳೆದರೆ ತೀವ್ರ ಭೇದಿಯಾಗುತ್ತದೆ. ವಯಸ್ಸಾದವರ ಪ್ರಾಣಕ್ಕೇ ಕುತ್ತು.

ಒಳ್ಳೆಯದನ್ನು ಬಿಟ್ಟು ಕೆಟ್ಟದ್ದನ್ನಷ್ಟೇ ಕೊಲ್ಲುವುದು ಹೇಗೆ? ಮುಸುಕಿನ ಜೋಳ ಬೆಳೆಯುವ, ಚಾಮರಾಜನಗರ ಜಿಲ್ಲೆಯ ಅಜ್ಜೀಪುರದ ಕಡೆಯ ರೈತರಿಗೆ ಇದು ಹೊಸತಲ್ಲ. ಅಟ್ರಜಿನ್ ಕಳೆನಾಶಕವನ್ನು ಜೋಳದ ಗಿಡ ತನ್ನೊಳಗೇ ಒಡೆದುಹಾಕುತ್ತದೆ, ಹಲವು ಕಳೆಗಳಿಗೆ ಆ ಶಕ್ತಿಯಿಲ್ಲ. ಔಷಧ ರೂಪಿಸುವವರು ಹುಡುಕುವುದೂ ಇಂಥ ಒಳಗಿನ ವ್ಯತ್ಯಾಸವನ್ನೇ.

ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಪಾಲ್ ಹರ್ಗನ್‌ರಾದರ್ ತಂಡ ಅದನ್ನು ಕಂಡುಕೊಂಡಿತು. ಇ. ಕೋಲಿ, ಕ್ಲೆಬ್ಸಿಯೆಲ್ಲಾದಂಥ ಗ್ರಾಂ-ನೆಗೆಟಿವ್ ಬ್ಯಾಕ್ಟೀರಿಯಾಗಳಿಗೆ ಎರಡು ಪೊರೆಗಳಿವೆ. ಒಳಪೊರೆಯಲ್ಲಿ ಸಿದ್ಧವಾದ ಲೈಪೋಪ್ರೋಟೀನ್‌ಗಳು ಹೊರಪೊರೆ ಸೇರಬೇಕು. ಅವನ್ನು ಸಾಗಿಸುವ ಪ್ರೋಟೀನ್‌ಗಳ ಸಾಲಿಗೆ ಲಾಲ್ ವ್ಯವಸ್ಥೆ ಎಂದು ಹೆಸರು. ತಂಡ ರೂಪಿಸಿದ ಲೋಲಾಮೈಸಿನ್ ಎಂಬ ಔಷಧ ಈ ಸಾಗಣೆಯನ್ನು ಮೊದಲ ಹಂತದಲ್ಲೇ ತಡೆಯುತ್ತದೆ. ಹೊರಪೊರೆ ಕೆಟ್ಟು ಜೀವಿ ಸಾಯುತ್ತದೆ. ಗ್ರಾಂ-ಪಾಸಿಟಿವ್ ಬ್ಯಾಕ್ಟೀರಿಯಾಗಳಿಗೆ ಹೊರಪೊರೆಯೇ ಇಲ್ಲ, ಹಾಗಾಗಿ ಅವಕ್ಕೆ ಏನೂ ಆಗುವುದಿಲ್ಲ. ಬ್ಯಾಕ್ಟೀರಾಯ್ಡಿಸ್‌ನಂಥ ಕರುಳುವಾಸಿಗಳಿಗೆ ಹೊರಪೊರೆ ಇದ್ದರೂ ಅವುಗಳ ಲಾಲ್ ಪ್ರೋಟೀನ್‌ಗಳ ರಚನೆ ಬೇರೆ. ಔಷಧ ಅಲ್ಲಿ ಹಿಡಿತ ಸಿಗದೆ ಸೋಲುತ್ತದೆ.

2024ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಫಲಿತಾಂಶ ಬಂತು. ಬೇರೆ ಔಷಧಗಳಿಗೆ ಬಗ್ಗದ ರಕ್ತದ ಸೋಂಕು ತಗುಲಿದ ಇಲಿಗಳೆಲ್ಲ ಲೋಲಾಮೈಸಿನ್ ಕೊಟ್ಟಾಗ ಬದುಕಿದವು. ನ್ಯುಮೋನಿಯಾ ಇದ್ದವುಗಳಲ್ಲಿ ಶೇ 70 ಬದುಕಿದವು. ಅಮಾಕ್ಸಿಸಿಲಿನ್, ಕ್ಲಿಂಡಾಮೈಸಿನ್ ಕೊಟ್ಟ ಇಲಿಗಳ ಕರುಳು ಬುಡಮೇಲಾಗಿ ಡಿಫಿಸೀಲ್ ನೆಲೆಯೂರಿತು. ಲೋಲಾಮೈಸಿನ್ ಪಡೆದವುಗಳಲ್ಲಿ ಅದಕ್ಕೆ ನೆಲೆ ಸಿಗಲಿಲ್ಲ. ಆದರೆ ಇಲಿಯಿಂದ ಮನುಷ್ಯನವರೆಗಿನ ದಾರಿ ಉದ್ದ. ಔಷಧದಂಗಡಿಯಲ್ಲಿ ಇದನ್ನು ಕೇಳಬೇಡಿ.

ಬೆಂಗಳೂರಿನ ಬಗ್‌ವರ್ಕ್ಸ್ ಕಂಪನಿ ಹಿಡಿದಿರುವುದು ಇದಕ್ಕೆ ತದ್ವಿರುದ್ಧ ದಾರಿ. ಅದರ ಬಿಡಬ್ಲ್ಯೂಸಿ0977 ಎಂಬ ಔಷಧ ಅನೇಕ ಬಗೆಯ ರೋಗಾಣುಗಳ ಮೇಲೆ ಕೆಲಸ ಮಾಡುವಂತೆ ರೂಪುಗೊಂಡದ್ದು. ಅದೂ ಬೇಕು. ಐಸಿಯುನಲ್ಲಿ ಮಲಗಿದವರಿಗೆ ರೋಗಾಣು ಯಾವುದೆಂದು ತಿಳಿಯುವವರೆಗೆ ಕಾಯಲು ಸಮಯವಿರುವುದಿಲ್ಲ.

ಗುರಿ ಕಿರಿದಾದ ಔಷಧಕ್ಕೆ ರೋಗಾಣುವಿನ ಹೆಸರು ಮೊದಲೇ ಗೊತ್ತಿರಬೇಕು. ಅಜ್ಜೀಪುರದಂಥ ಊರಿಗೆ ನಿಜವಾದ ತೊಡಕು ಇದೇ ಎಂದು ನನ್ನ ಅನಿಸಿಕೆ. ರೋಗಾಣುವನ್ನು ಬೆಳೆಸಿ ಗುರುತಿಸುವ ಕಲ್ಚರ್ ಪರೀಕ್ಷೆಗೆ ಕೊಳ್ಳೇಗಾಲದತ್ತಲೋ ಚಾಮರಾಜನಗರದತ್ತಲೋ ನೋಡಬೇಕು, ವರದಿಗೆ ಎರಡು ಮೂರು ದಿನ ಕಾಯಬೇಕು. ಹತ್ತಿರದಲ್ಲಿ ಲ್ಯಾಬ್ ಇಲ್ಲದಿದ್ದರೆ ಎಂಥ ಜಾಣ ಔಷಧ ಬಂದರೂ ವೈದ್ಯರು ಎಲ್ಲವನ್ನೂ ಕೊಲ್ಲುವ ಮಾತ್ರೆಯನ್ನೇ ಬರೆಯಬೇಕಾಗುತ್ತದೆ.

ಈಗಲೇ ಮಾಡಬಹುದಾದದ್ದೂ ಇದೆ. ವೈದ್ಯರು ಕಲ್ಚರ್ ಬರೆದರೆ ಮೊದಲ ಮಾತ್ರೆ ನುಂಗುವ ಮುಂಚೆಯೇ ಮೂತ್ರ ಕೊಡಿ. ಆಮೇಲೆ ಕೊಟ್ಟರೆ ರೋಗಾಣು ಬೆಳೆಯದೆ ಹೋಗಬಹುದು. ಲ್ಯಾಬ್ ಕೊಟ್ಟ ಶುದ್ಧ ಡಬ್ಬಿಯಲ್ಲೇ ಹಿಡಿದು ಎರಡು ಗಂಟೆಯೊಳಗೆ ತಲುಪಿಸಿ. ಆಗದಿದ್ದರೆ ತಣ್ಣಗಿಟ್ಟು ಒಯ್ಯಿರಿ. ವರದಿ ಕೈಯಲ್ಲಿದ್ದರೆ, ಸೋಂಕು ಮೂತ್ರಕೋಶಕ್ಕಷ್ಟೇ ಸೀಮಿತವಾಗಿದ್ದರೆ, ನೈಟ್ರೋಫ್ಯುರಾಂಟಾಯಿನ್ ಕೊಡಬಹುದೇ ಎಂದು ವೈದ್ಯರು ಯೋಚಿಸಬಲ್ಲರು. ಹಳೆಯ ಮಾತ್ರೆಯದು, ಮೂತ್ರದಲ್ಲೇ ಹೆಚ್ಚಾಗಿ ಸೇರಿಕೊಳ್ಳುವುದರಿಂದ ಕರುಳಿಗೆ ಅದರ ಪೆಟ್ಟು ಕಡಿಮೆ.