ಕೈಗಾರಿಕಾ ವಾಯು ಮಾಲಿನ್ಯ ನಿಯಮಗಳು: ಶಾಸಕಾಂಗದಿಂದ ರದ್ದತಿ

ಕಾಯಿದೆಯನ್ನು ಶಾಸಕಾಂಗವು ರಚಿಸುತ್ತದೆ. ಅದರ ಜಾರಿಗೆ ಬೇಕಾದ ನಿಯಮಗಳನ್ನು ಸರ್ಕಾರವು ರಚಿಸುತ್ತದೆ. ಇಂತಹ ನಿಯಮವನ್ನು ಶಾಸಕಾಂಗವು ರದ್ದುಪಡಿಸಲೂಬಹುದು. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ 2025ರಲ್ಲಿ ನಡೆದ ರದ್ದತಿಯ ವಿವರಗಳನ್ನೂ, ಭಾರತದ ಕಾಯಿದೆಯಲ್ಲಿರುವ ಅವಕಾಶವನ್ನೂ ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ನೀಡಲಾಗಿದೆ.

ನಿಯಮದ ಹಿನ್ನೆಲೆ

ಅಮೆರಿಕದ ಶುದ್ಧ ವಾಯು ಕಾಯಿದೆಯ ಪ್ರಕಾರ, ಅಪಾಯಕಾರಿ ಮಾಲಿನ್ಯಕಾರಕಗಳಲ್ಲಿ ಯಾವುದೇ ಒಂದನ್ನು ವರ್ಷಕ್ಕೆ 10 ಟನ್ ಅಥವಾ ಹಲವನ್ನು ಒಟ್ಟಾಗಿ 25 ಟನ್‌ನಷ್ಟು ಹೊರಸೂಸಬಲ್ಲ ಕಾರ್ಖಾನೆಯು ‘ಪ್ರಮುಖ ಮೂಲ’ ಎನಿಸುತ್ತದೆ. ಇವುಗಳಿಗೆ ಕಟ್ಟುನಿಟ್ಟಿನ ಮಾನದಂಡಗಳು ಅನ್ವಯಿಸುತ್ತವೆ. 1995ರ ನೀತಿಯಂತೆ, ಈ ಮಾನದಂಡಗಳಿಗೆ ಒಮ್ಮೆ ಒಳಪಟ್ಟ ಕಾರ್ಖಾನೆಯು ಮುಂದೆ ಹೊರಸೂಸುವಿಕೆಯನ್ನು ತಗ್ಗಿಸಿದರೂ ಅವುಗಳಿಗೆ ಬದ್ಧವಾಗಿರಬೇಕಿತ್ತು. 2018ರಲ್ಲಿ ಈ ನೀತಿಯನ್ನು ಹಿಂಪಡೆಯಲಾಯಿತು. 2020ರ ನಿಯಮವು ವರ್ಗ ಬದಲಾವಣೆಗೆ ಅವಕಾಶ ನೀಡಿತು.

ಪಾದರಸ, ಡಯಾಕ್ಸಿನ್ ಮೊದಲಾದ ಏಳು ಮಾಲಿನ್ಯಕಾರಕಗಳು ಪರಿಸರದಲ್ಲಿ ದೀರ್ಘಕಾಲ ಉಳಿದು ಜೀವಿಗಳ ದೇಹದಲ್ಲಿ ಸಂಗ್ರಹಗೊಳ್ಳುತ್ತವೆ. ಇವುಗಳ ಮಟ್ಟಿಗೆ ವರ್ಗ ಬದಲಾವಣೆಯ ಸಡಿಲಿಕೆಯನ್ನು ನಿರ್ಬಂಧಿಸಿ ಪರಿಸರ ಸಂರಕ್ಷಣಾ ಸಂಸ್ಥೆಯು 2024ರ ಸೆಪ್ಟೆಂಬರ್‌ನಲ್ಲಿ ನಿಯಮ ಹೊರಡಿಸಿತು.

ರದ್ದತಿಯ ಕ್ರಮ

1996ರ ಕಾಂಗ್ರೆಷನಲ್ ಪರಿಶೀಲನಾ ಕಾಯಿದೆಯನ್ವಯ, ಹೊಸ ನಿಯಮವನ್ನು ಉಭಯ ಸದನಗಳು ಸರಳ ಬಹುಮತದಿಂದ ತಿರಸ್ಕರಿಸಬಹುದು. ಸದರಿ ನಿಯಮದ ವಿರುದ್ಧದ ನಿರ್ಣಯವು ಸೆನೆಟ್‌ನಲ್ಲಿ 2025ರ ಮೇ 1ರಂದು 52-46 ಮತಗಳಿಂದ, ಪ್ರತಿನಿಧಿ ಸಭೆಯಲ್ಲಿ ಮೇ 22ರಂದು 216-212 ಮತಗಳಿಂದ ಅಂಗೀಕಾರವಾಯಿತು. ಜೂನ್ 20ರಂದು ಅಧ್ಯಕ್ಷರು ಅದಕ್ಕೆ ಸಹಿ ಹಾಕಿದರು.

ಪರಿಣಾಮ

ವರ್ಗ ಬದಲಾವಣೆಯ ಅವಕಾಶವಿದ್ದರೆ ಉದ್ದಿಮೆಗಳು ಮಾಲಿನ್ಯ ತಗ್ಗಿಸಲು ಮುಂದಾಗುತ್ತವೆ ಎಂಬುದು ನಿರ್ಣಯದ ಬೆಂಬಲಿಗರ ವಾದ. ನಿಯಂತ್ರಣ ಸಡಿಲಗೊಂಡರೆ ವಿಷಕಾರಿ ವಸ್ತುಗಳ ಹೊರಸೂಸುವಿಕೆ ಮತ್ತೆ ಹೆಚ್ಚಬಹುದು, ಅದರ ಹೊರೆ ಕಾರ್ಖಾನೆಗಳ ಸುತ್ತಲಿನ ನಿವಾಸಿಗಳ ಮೇಲೆ ಬೀಳುತ್ತದೆ ಎಂಬುದು ವಿರೋಧಿಗಳ ವಾದ. ಹೀಗೆ ತಿರಸ್ಕೃತವಾದ ನಿಯಮವನ್ನು ಹೋಲುವ ನಿಯಮವನ್ನು ಹೊಸ ಕಾಯಿದೆಯ ಅನುಮತಿಯಿಲ್ಲದೆ ಮತ್ತೆ ರಚಿಸುವಂತಿಲ್ಲ. ಆದ್ದರಿಂದ ಇದು ತಾತ್ಕಾಲಿಕ ತಡೆಯಲ್ಲ.

ಭಾರತದಲ್ಲಿ

ಪರಿಸರ (ಸಂರಕ್ಷಣೆ) ಕಾಯಿದೆ, 1986ರ ಕಲಂ 26ರ ಪ್ರಕಾರ, ಆ ಕಾಯಿದೆಯಡಿ ಕೇಂದ್ರ ಸರ್ಕಾರ ರಚಿಸುವ ನಿಯಮಗಳನ್ನು ಸಂಸತ್ತಿನ ಪ್ರತಿಯೊಂದು ಸದನದ ಮುಂದೆ ಒಟ್ಟು 30 ದಿನಗಳ ಕಾಲ ಮಂಡಿಸತಕ್ಕದ್ದು. ಉಭಯ ಸದನಗಳು ಒಪ್ಪಿದಲ್ಲಿ ನಿಯಮವು ಮಾರ್ಪಡುತ್ತದೆ ಅಥವಾ ರದ್ದಾಗುತ್ತದೆ. ಆದರೆ ಅದಕ್ಕೆ ಮುನ್ನ ಆ ನಿಯಮದಡಿ ಕೈಗೊಂಡ ಕ್ರಮಗಳ ಸಿಂಧುತ್ವಕ್ಕೆ ಬಾಧೆ ಬರುವುದಿಲ್ಲ. ಅರ್ಜಿದಾರರು ಈ ಅಂಶವನ್ನು ವಿಶೇಷವಾಗಿ ಗಮನಿಸತಕ್ಕದ್ದು.