ಚಿತ್ರಕಥೆಗೆ ಅಂಕ ಕೊಡುವುದು ಹೇಗೆ?

ಶಾಲೆಗಳ ಚಿತ್ರಕಥೆ ಸ್ಪರ್ಧೆಯಲ್ಲಿ ಬಹುಮಾನ ಸಾಮಾನ್ಯವಾಗಿ ಯಾರಿಗೆ ಹೋಗುತ್ತದೆ? ಬಣ್ಣದ ಪೆನ್ಸಿಲಿನ ಡಬ್ಬಿ ಇರುವ, ಗೆರೆಯನ್ನು ಅಚ್ಚುಕಟ್ಟಾಗಿ ಎಳೆಯಬಲ್ಲ ಮಗುವಿಗೆ. ಕಡ್ಡಿ ಕೈಕಾಲಿನ ಮನುಷ್ಯರನ್ನು ಬರೆದು ಸೊಗಸಾದ ಕಥೆ ಹೇಳಿದ ಹುಡುಗ 'ಇವನಿಗೆ ಚಿತ್ರ ಬಾರದು' ಎನಿಸಿಕೊಂಡು ಹಿಂದೆ ಸರಿಯುತ್ತಾನೆ. ಮುಂದಿನ ವರ್ಷ ಅವನು ಹೆಸರು ಕೊಡುವುದೇ ಅನುಮಾನ.

ಈ ಕಲೆಯ ಮೂಲಪುರುಷರಲ್ಲಿ ಒಬ್ಬನೆನಿಸಿದ ರೊಡಾಲ್ಫ್ ಟಾಪ್ಫರ್ (1799-1846) ಸ್ವಿಟ್ಜರ್ಲೆಂಡಿನ ಜಿನೀವಾದಲ್ಲಿ ಮೇಷ್ಟರಾಗಿದ್ದವನು. ಕಣ್ಣಿನ ತೊಂದರೆಯಿಂದಾಗಿ ಚಿತ್ರಕಾರನಾಗುವ ಆಸೆಯನ್ನು ಬಿಟ್ಟಿದ್ದ. ಶಿಷ್ಯರನ್ನು ನಗಿಸಲೆಂದು ಅವನು ಗೀಚಿದ ಕಥೆಗಳನ್ನು ಜರ್ಮನಿಯ ಮಹಾಕವಿ ಗಯಟೆ ಮೆಚ್ಚಿಕೊಂಡ. ಒರಟು ಗೆರೆಯ ಮುಖವೂ ಸ್ವಭಾವವನ್ನು ತೋರಬಲ್ಲುದೆಂದು ಟಾಪ್ಫರ್ 1845ರ ಪ್ರಬಂಧವೊಂದರಲ್ಲಿ ವಾದಿಸಿದ. ತೀರ್ಪುಗಾರರು ಇದನ್ನು ನೆನಪಿನಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು.

ಕಥೆಯನ್ನು ಅಳೆಯಲು ಒಂದು ಸುಲಭ ಉಪಾಯವಿದೆ. ಮೊದಲು ಮಾತುಗಳನ್ನು ಕೈಯಿಂದ ಮುಚ್ಚಿ ಚಿತ್ರಗಳನ್ನಷ್ಟೇ ನೋಡುವುದು; ಆಮೇಲೆ ಚಿತ್ರಗಳನ್ನು ಮರೆಮಾಡಿ ಮಾತುಗಳನ್ನಷ್ಟೇ ಓದುವುದು. ಮಾತೇ ಎಲ್ಲವನ್ನೂ ಹೇಳಿಬಿಟ್ಟರೆ ಚಿತ್ರ ಬರೀ ಅಲಂಕಾರ. ವಿಜ್ಞಾನದ ಚಿತ್ರಕಥೆಗಳಲ್ಲಿ ಈ ದೋಷ ಹೆಚ್ಚು. ಮೋಡಕ್ಕೆ ಕಣ್ಣು ಮೂಗು ಬರುತ್ತದೆ, ಅದು ನಾಲ್ಕೂ ಚೌಕಗಳಲ್ಲಿ ಜಲಚಕ್ರದ ಪಾಠ ಒಪ್ಪಿಸುತ್ತದೆ! ಪಠ್ಯಪುಸ್ತಕ ಗುಳ್ಳೆಯೊಳಗೆ ಸೇರಿಕೊಂಡಿತು, ಅಷ್ಟೆ.

ಇನ್ನು ಚೌಕಗಳ ನಡುವಿನ ಖಾಲಿ ಜಾಗ. ಒಂದರಲ್ಲಿ ಹುಡುಗ ಮಾವಿನ ಮರದ ತುದಿಯಲ್ಲಿದ್ದಾನೆ, ಮುಂದಿನದರಲ್ಲಿ ಅವನ ಕೈಗೆ ಪಟ್ಟಿ. ಬಿದ್ದದ್ದನ್ನು ಯಾರೂ ಬರೆದಿಲ್ಲ, ಓದುವವನೇ ಅವನನ್ನು ಬೀಳಿಸಿದ. ಅಮೆರಿಕದ ಸ್ಕಾಟ್ ಮೆಕ್‌ಕ್ಲೌಡ್ 1993ರ ತಮ್ಮ ಪುಸ್ತಕದಲ್ಲಿ ಈ ಜಾಗಕ್ಕೇ ಒಂದು ಅಧ್ಯಾಯ ಮೀಸಲಿಟ್ಟರು. ಏನನ್ನು ಬಿಡಬೇಕೆಂದು ತಿಳಿದ ಮಗುವಿಗೆ ಅಂಕ ಧಾರಾಳವಾಗಿಯೇ ಸಲ್ಲಬೇಕು.

ಚಿತ್ರದ ಶೈಲಿಯಲ್ಲಿ ನೋಡಬೇಕಾದದ್ದು ಅಂದವನ್ನಲ್ಲ, ಸ್ಪಷ್ಟತೆಯನ್ನು. ಮೊದಲ ಚೌಕದ ಅಜ್ಜಿಯನ್ನು ಕೊನೆಯ ಚೌಕದಲ್ಲೂ ಗುರುತಿಸಬಹುದೇ? ಮೊದಲು ಮಾತನಾಡುವವರ ಗುಳ್ಳೆ ಎಡಕ್ಕೆ ಅಥವಾ ಮೇಲಕ್ಕೆ ಇದೆಯೇ? ದೆಹಲಿಯ ಶರದ್ ಶರ್ಮಾ ಅವರ 'ವರ್ಲ್ಡ್ ಕಾಮಿಕ್ಸ್ ಇಂಡಿಯಾ' ಹಳ್ಳಿಗರಿಗೂ ಮಕ್ಕಳಿಗೂ ಕಲಿಸಿದ ಗೋಡೆಚಿತ್ರಕಥೆಗೆ ಬೇಕಾದದ್ದು ಎರಡು ಎ-4 ಹಾಳೆ, ನಾಲ್ಕು ಚೌಕ, ಕಪ್ಪು ಶಾಯಿ. ಬಣ್ಣದ ಗೊಡವೆಯೇ ಇಲ್ಲ. ಜೆರಾಕ್ಸ್ ಮಾಡಿ ಅಂಟಿಸಿದರಾಯಿತು.

1967ರಲ್ಲಿ ಆರಂಭವಾದ 'ಅಮರ ಚಿತ್ರ ಕಥೆ'ಯ ಭೀಮನನ್ನು ನೋಡಿಕೊಂಡು ಬರೆದ ಮಗುವಿನ ಅಂಕ ಕಳೆಯಬೇಕೇ? ಭೀಮ ನಕಲಾದರೂ ಅವನಿಗೆ ಹೊಸ ಕೆಲಸ ಕೊಟ್ಟಿದ್ದರೆ, ಉದಾಹರಣೆಗೆ ಊರಿನ ಕೆರೆಯ ಹೂಳೆತ್ತಲು ಹಚ್ಚಿದ್ದರೆ, ಖಂಡಿತ ಬೇಡ.