ನಡುರಾತ್ರಿ ಹೀಟ್ ಪಂಪ್ 'ಬುಸ್' ಅಂದ್ರೆ: ಯಾವ ಸದ್ದಿಗೆ ಹೆದರಬೇಕು, ಯಾವುದಕ್ಕೆ ಬೇಡ

ಇವತ್ತಿನ ವಿಷಯ ನಮ್ಮ ತಂಡದವರೊಬ್ಬರ ಮನೆಯಿಂದಲೇ ಬಂದದ್ದು.

ವಾಯವ್ಯ ಲಂಡನ್ನಿನ ಹ್ಯಾರೋದಲ್ಲಿ ಅವರದು ಒಂದು ಟೆರೇಸ್ ಮನೆ. ಟೆರೇಸ್ ಅಂದ್ರೆ ನಮ್ಮೂರಿನ ತಾರಸಿ ಅಲ್ಲ. ಗೋಡೆಗೆ ಗೋಡೆ ಅಂಟಿಕೊಂಡು ಸಾಲಾಗಿ ನಿಂತ ಮನೆಗಳು, ಹೆಚ್ಚುಕಮ್ಮಿ ನಮ್ಮ ವಠಾರದ ಹಾಗೆ. ಹಳೆಯ ಗ್ಯಾಸ್ ಬಾಯ್ಲರ್ ತೆಗೆಸಿ, ಸರ್ಕಾರದ 7,500 ಪೌಂಡ್ ಸಹಾಯಧನ ಬಳಸಿಕೊಂಡು ಹೀಟ್ ಪಂಪ್ ಹಾಕಿಸಿದ್ರು. ಆ ಚಳಿಗಾಲಕ್ಕೆ ಅಮ್ಮ ಮೈಸೂರಿನಿಂದ ಬಂದಿದ್ರು. ಜನವರಿಯ ಒಂದು ರಾತ್ರಿ, ಮೂರು ಗಂಟೆ ಹೊತ್ತಿಗೆ ಅಮ್ಮ ಮಗನನ್ನು ಎಬ್ಬಿಸಿದ್ರು. "ಏಳಪ್ಪಾ, ಹಿತ್ತಲಲ್ಲಿ ಯಾರೋ ದೊಡ್ಡ ಕುಕ್ಕರ್ ಇಳಿಸಿ ವಿಷಲ್ ಎತ್ತಿದ ಹಾಗಾಯ್ತು. ಹೊಗೆಯೂ ಬರ್ತಿದೆ ನೋಡು."

ಕಿಟಕಿಯಿಂದ ನೋಡಿದ್ರೆ ನಿಜ. ಫ್ಯಾನ್ ನಿಂತಿದೆ, ಯಂತ್ರದ ಮೇಲೆ ಬಿಳಿ ಹೊಗೆ, ಕೆಳಗೆ ನೀರು ಸುರೀತಿದೆ. ಗಾಬರಿಯಾಗಿ ಮೇನ್ ಸ್ವಿಚ್ಚನ್ನೇ ಆರಿಸಿಬಿಟ್ಟರು. ಬೆಳಿಗ್ಗೆ ಮನೆ ತಣ್ಣಗೆ ಕೊರೀತಿತ್ತು. ಮತ್ತೆ ಸ್ವಿಚ್ ಹಾಕಿದ್ರೆ ಯಂತ್ರ ಎಂದೂ ಮಾಡದಷ್ಟು ಜೋರಾಗಿ ಗುಂಯ್‌ಗುಡತೊಡಗಿತು. ಹತ್ತು ನಿಮಿಷದಲ್ಲಿ ಪಕ್ಕದ ಮನೆಯವರು ಬಾಗಿಲು ತಟ್ಟಿದ್ರು.

ಆ ರಾತ್ರಿ ಯಂತ್ರ ತಪ್ಪೇನೂ ಮಾಡಿರಲಿಲ್ಲ. ಅದನ್ನು ಆರಿಸಿದ್ದೇ ತಪ್ಪಾಗಿತ್ತು. ಯಾಕೆ ಅಂತ ನೋಡೋಣ.

ಹೊರಗಿನ ಚಳಿಯಿಂದ ಒಳಗಿನ ಬಿಸಿ

ಫ್ರಿಜ್ಜಿನ ಹಿಂಭಾಗ ಮುಟ್ಟಿ ನೋಡಿ, ಬೆಚ್ಚಗಿರುತ್ತೆ. ಒಳಗಿನ ಹಾಲು, ತರಕಾರಿಯಿಂದ ಎಳೆದ ಶಾಖವನ್ನು ಅದು ಅಡುಗೆಮನೆಗೆ ಬಿಡ್ತಿರುತ್ತೆ. ಹೀಟ್ ಪಂಪ್ ಮಾಡೋದೂ ಅದನ್ನೇ. ಹಿತ್ತಲಿನ ಗಾಳಿ ಅದಕ್ಕೆ ಫ್ರಿಜ್ಜಿನ ಒಳಭಾಗ, ನಿಮ್ಮ ರೇಡಿಯೇಟರ್‌ಗಳು ಹಿಂಭಾಗ. ಎರಡು ಡಿಗ್ರಿ ಗಾಳಿಯಲ್ಲೂ ಶಾಖ ಇರುತ್ತೆ. ಅದನ್ನು ಎಳೆದುಕೊಳ್ಳಬೇಕಾದ್ರೆ ಹೊರಗಿನ ಕಾಯಿಲ್ ಗಾಳಿಗಿಂತಲೂ ತಣ್ಣಗಿರಬೇಕು. ಶಾಖ ಯಾವಾಗಲೂ ಹೆಚ್ಚು ಬಿಸಿ ಇರುವ ಕಡೆಯಿಂದ ಕಡಿಮೆ ಬಿಸಿ ಇರುವ ಕಡೆಗೇ ಹರಿಯೋದು. ಹಾಗಾಗಿ ಗಾಳಿ ಎರಡು ಡಿಗ್ರಿ ಇದ್ದಾಗ ಕಾಯಿಲ್ ಸೊನ್ನೆಗಿಂತ ಕೆಳಗೆ ಇಳಿದಿರುತ್ತೆ.

ಲಂಡನ್ನಿನ ಹವೆಯ ಪಾತ್ರ ಬರೋದು ಇಲ್ಲಿ. ಇಲ್ಲಿನ ಚಳಿಗಾಲ ಬಹಳ ಕಠಿಣ ಅಲ್ಲ, ಆದ್ರೆ ಒದ್ದೆ. ಎರಡು ಡಿಗ್ರಿಯ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ ಸುಮಾರು ಐದೂವರೆ ಗ್ರಾಂ ನೀರಾವಿ ಹಿಡಿದುಕೊಳ್ಳಬಲ್ಲದು. ಮೈನಸ್ 15 ಡಿಗ್ರಿಯಲ್ಲಿ ಅದು ಸುಮಾರು ಒಂದೂವರೆ ಗ್ರಾಂಗೆ ಇಳಿಯುತ್ತೆ. ಅಂದ್ರೆ ಸ್ವೀಡನ್ನಿನ ಕೊರೆಯುವ ಒಣ ಚಳಿಗಿಂತ ಲಂಡನ್ನಿನ ಮಂಜು ಮುಸುಕಿದ ರಾತ್ರಿಯಲ್ಲೇ ಕಾಯಿಲ್ ಮೇಲೆ ಬೇಗ ಹಿಮ ಕಟ್ಟುತ್ತೆ. ಸೊನ್ನೆಯಿಂದ ಐದು ಡಿಗ್ರಿವರೆಗಿನ ಒದ್ದೆ ಗಾಳಿಯೇ ಈ ಯಂತ್ರಕ್ಕೆ ದೊಡ್ಡ ತಲೆನೋವು.

ಒಂದು ಹಳೆಯ ಕಥೆ ಇಲ್ಲಿ ನೆನಪಾಗುತ್ತೆ. 1951ರಲ್ಲಿ ಲಂಡನ್ನಿನ ರಾಯಲ್ ಫೆಸ್ಟಿವಲ್ ಹಾಲ್ ತೆರೆದಾಗ, ಆ ಸಂಗೀತ ಸಭಾಂಗಣಕ್ಕೂ ಹೀಟ್ ಪಂಪ್ ಹಾಕಿದ್ರು. ಕಂಪ್ರೆಸರ್ ಕೆಲಸಕ್ಕೆ ರೋಲ್ಸ್ ರಾಯ್ಸ್ ವಿಮಾನ ಎಂಜಿನ್ನಿನ ಸೂಪರ್‌ಚಾರ್ಜರ್ ಬಳಸಿದ್ರು. ಶಾಖ ಬರ್ತಿದ್ದದ್ದು ಪಕ್ಕದ ಥೇಮ್ಸ್ ನದಿಯಿಂದ. ಹರಿಯುವ ನದಿಯಿಂದ ಶಾಖ ಎಳೆದಾಗ, ಗಾಳಿಯ ತೇವ ಕಾಯಿಲ್ ಮೇಲೆ ಹಿಮ ಕಟ್ಟುವ ಪ್ರಶ್ನೆಯೇ ಇಲ್ಲ. ನಮ್ಮ ಹಿತ್ತಲಲ್ಲಿ ನದಿ ಇಲ್ವಲ್ಲ, ಗಾಳಿಯೇ ಗತಿ. ಹಾಗಾಗಿ ಹಿಮವೂ ಜೊತೆಗೇ ಬರುತ್ತೆ.

ಡಿಫ್ರಾಸ್ಟ್: ಅಮ್ಮ ಕೇಳಿದ ಸದ್ದು

ಹಿಮ ದಪ್ಪವಾದ್ರೆ ಕಾಯಿಲ್ ಸಂದುಗಳಲ್ಲಿ ಗಾಳಿ ಹಾಯೋದಿಲ್ಲ. ಆಗ ಯಂತ್ರ ಸ್ವಲ್ಪ ಹೊತ್ತು ಉಲ್ಟಾ ಕೆಲಸ ಮಾಡುತ್ತೆ. ಮನೆಯೊಳಗಿನ ನೀರಿನಿಂದ ಶಾಖ ತಗೊಂಡು ಹೊರಗಿನ ಕಾಯಿಲ್ ಕಾಯಿಸುತ್ತೆ. ಇದೇ ಡಿಫ್ರಾಸ್ಟ್. ಕಿವಿಗೆ ಅದು ಹೀಗೆ ಕೇಳುತ್ತೆ:

ಮೊದಲು ಕಂಪ್ರೆಸರಿನ ಗುಂಯ್ ಸದ್ದು ಬದಲಾಗುತ್ತೆ. ಫ್ಯಾನ್ ನಿಲ್ಲುತ್ತೆ. ಆಮೇಲೆ 'ಟಕ್', ಹಿಂದೆಯೇ ಉದ್ದನೆಯ 'ಬುಸ್ಸ್'. ಇದು ರಿವರ್ಸಿಂಗ್ ವಾಲ್ವ್ ತಿರುಗಿ, ಹೆಚ್ಚು ಒತ್ತಡದ ಅನಿಲ ಇನ್ನೊಂದು ದಾರಿಗೆ ನುಗ್ಗುವ ಸದ್ದು. ನಂತರ ಹಿಮ ಕರಗುವಾಗ ಚಟಪಟ, ತಟ್ಟೆಗೆ ನೀರು ತೊಟ್ಟಿಕ್ಕುವ ಸದ್ದು, ಜೊತೆಗೆ ಬಿಳಿ ಹಬೆ. ಅದು ಹೊಗೆ ಅಲ್ಲ, ಬರೀ ನೀರಾವಿ. ಕೊನೆಗೆ ಇನ್ನೊಂದು 'ಟಕ್', ಇನ್ನೊಂದು 'ಬುಸ್ಸ್', ಫ್ಯಾನ್ ಮತ್ತೆ ಶುರು.

ಎಲ್ಲ ಸೇರಿ ಸಾಮಾನ್ಯವಾಗಿ ಕೆಲವೇ ನಿಮಿಷ, ಹೆಚ್ಚೆಂದರೆ ಹತ್ತು ಹದಿನೈದು. ಒದ್ದೆ ರಾತ್ರಿಗಳಲ್ಲಿ ಗಂಟೆಗೊಮ್ಮೆ ಆದರೂ ಅದು ಕಾಯಿಲೆ ಅಲ್ಲ. ಶುರುವಾದ ಸದ್ದು ತಾನಾಗಿ ಮುಗಿದು, ಹಿಮ ಕರಗಿ, ರೇಡಿಯೇಟರ್ ಮತ್ತೆ ಬೆಚ್ಚಗಾದ್ರೆ ನೀವು ನಿಶ್ಚಿಂತೆಯಿಂದ ಮಲಗಬಹುದು.

ಸುಮ್ಮನಿರಿಸಲು ಹೋಗಿ ಗಲಾಟೆ ಹೆಚ್ಚಿಸೋದು

ಇವತ್ತಿನ ಹೀಟ್ ಪಂಪುಗಳಲ್ಲಿ ಹೆಚ್ಚಿನವು ಇನ್ವರ್ಟರ್ ಯಂತ್ರಗಳು. ಬೇಕಾದಷ್ಟೇ ವೇಗದಲ್ಲಿ ಓಡ್ತವೆ. ಮನೆ ಒಂದೇ ಸಮ ಬೆಚ್ಚಗಿದ್ರೆ ಸಣ್ಣಗೆ ಗುನುಗುತ್ತಾ ಇರ್ತವೆ. ರಾತ್ರಿ ಪೂರ್ತಿ ಆರಿಸಿ, ಬೆಳಿಗ್ಗೆ ಏಳು ಗಂಟೆಗೆ "ಈಗ ಕಾಯಿಸು" ಅಂದ್ರೆ, ದಿನದ ಅತಿ ಚಳಿಯ ಹೊತ್ತಲ್ಲಿ ಪೂರ್ತಿ ವೇಗದಲ್ಲಿ ಓಡಲೇಬೇಕು. ಹ್ಯಾರೋ ಮನೆಯಲ್ಲಿ ಆದದ್ದು ಇದೇ. ರಾತ್ರಿ ಆರಿಸುವ ಬದಲು ಥರ್ಮೋಸ್ಟಾಟನ್ನು ಒಂದೆರಡು ಡಿಗ್ರಿ ಇಳಿಸಿದ್ರೆ ಸಾಕು.

ಇನ್ನೊಂದು ಅಭ್ಯಾಸ ನಮ್ಮಲ್ಲಿ ಬಹಳ ಜನಕ್ಕಿದೆ. "ಯಾರೂ ಇಲ್ಲದ ರೂಮಿಗೆ ಯಾಕೆ ಬಿಸಿ?" ಅಂತ ಒಂದೊಂದೇ ರೇಡಿಯೇಟರ್ ಮುಚ್ಚೋದು. ಗ್ಯಾಸ್ ಬಾಯ್ಲರ್ ಕಾಲದಲ್ಲಿ ಇದು ಸರಿಯಾದ ಉಳಿತಾಯವೇ ಆಗಿತ್ತು. ಹೀಟ್ ಪಂಪಿಗೆ ಆಗೋದು ಬೇರೆ. ಹಿಮ ಕರಗಿಸುವ ಶಾಖ ಬರೋದು ಈ ರೇಡಿಯೇಟರ್‌ಗಳ ನೀರಿನಿಂದ. ಐದು ರೇಡಿಯೇಟರ್ ಮುಚ್ಚಿ ಎರಡೇ ತೆರೆದಿಟ್ರೆ, ಸುತ್ತುವ ಅಷ್ಟು ನೀರು ಬೇಗ ತಣ್ಣಗಾಗುತ್ತೆ, ಡಿಫ್ರಾಸ್ಟ್ ಅರ್ಧಕ್ಕೇ ನಿಲ್ಲಬಹುದು. ಉಳಿದ ಹಿಮದ ಮೇಲೆ ಹೊಸ ಹಿಮ. ಕೊನೆಗೆ ಫ್ಯಾನಿನ ರೆಕ್ಕೆ ಮಂಜುಗಡ್ಡೆಗೆ ತಾಗಿ ಕರಕರ ಅನ್ನೋಕೆ ಶುರು. ಆಗ ಅದು ನಿಜವಾದ ತೊಂದರೆ. ನೀರಿನ ಫಿಲ್ಟರ್ ಕಟ್ಟಿಕೊಂಡು ಹರಿವು ಕಡಿಮೆಯಾದ್ರೂ ಇದೇ ಗತಿ.

ಗೋಡೆಯೊಳಗಿಂದ ಬರುವ ಗುಂಯ್

ಕೆಲವರು ಹೇಳ್ತಾರೆ: ಹಿತ್ತಲಿಗೆ ಹೋದ್ರೆ ಸದ್ದೇ ಇಲ್ಲ, ಮಲಗುವ ಕೋಣೆಯಲ್ಲಿ ಮಾತ್ರ ಗುಂಯ್. ಮಿಕ್ಸಿಯನ್ನು ಬರೀ ಗ್ರಾನೈಟ್ ಕಟ್ಟೆಯ ಮೇಲಿಟ್ಟು ಓಡಿಸಿ, ಪಾತ್ರೆಗಳೆಲ್ಲ ನಡುಗ್ತವೆ. ಕೆಳಗೆ ಮಡಚಿದ ಬಟ್ಟೆ ಹಾಕಿ, ಅರ್ಧ ಸದ್ದು ಮಾಯ. ಯಂತ್ರವನ್ನು ಗೋಡೆಗೆ ಬಿಗಿದಿದ್ರೆ, ಅಥವಾ ಕೊಳವೆಗಳು ಗೋಡೆಯ ಇಟ್ಟಿಗೆಗೆ ಒತ್ತಿಕೊಂಡಿದ್ರೆ, ಕಂಪನ ನೇರವಾಗಿ ಮನೆಯೊಳಗೆ ಬರುತ್ತೆ. ಟೆರೇಸ್ ಮನೆಯಲ್ಲಿ ಪಕ್ಕದವರ ಮನೆಗೂ ಹೋಗುತ್ತೆ. ನೆಲದ ಮೇಲೆ ರಬ್ಬರ್ ಪಾದಗಳು, ಬಾಗುವ ಹೋಸ್ ಪೈಪು, ಗೋಡೆಯ ತೂತಿನಲ್ಲಿ ಕೊಳವೆಯ ಸುತ್ತ ಮೆತ್ತನೆಯ ಹೊದಿಕೆ: ಮದ್ದು ಇಷ್ಟೇ.

ಒಂದು ನಿರ್ದಿಷ್ಟ ವೇಗದಲ್ಲಿ ಮಾತ್ರ ಸದ್ದು ಬರುತ್ತೆ ಅಂದ್ರೆ ಅದು ಅನುರಣನ. ನಿಂತ ಬಸ್ಸಿನಲ್ಲಿ ಎಂಜಿನ್ ಮೆಲ್ಲಗೆ ಓಡುವಾಗ ಕಿಟಕಿ ಗಾಜುಗಳು ಗಡಗಡ ನಡುಗಿ, ಬಸ್ ಹೊರಟ ಕೂಡಲೇ ಸುಮ್ಮನಾಗ್ತವಲ್ಲ, ಹಾಗೆ. ಸಡಿಲಾದ ಹೊದಿಕೆಯ ಒಂದು ಸ್ಕ್ರೂ ಬಿಗಿ ಮಾಡಿಸಿದ್ರೂ ನಿಲ್ಲಬಹುದು.

ಇನ್ನು ಒಳಗೆ: ರೇಡಿಯೇಟರಿನಲ್ಲಿ ಗುಳುಗುಳು ಅಂದ್ರೆ ಗಾಳಿ ಸೇರಿದೆ. ಕೀಲಿ ಹಾಕಿ ಗಾಳಿ ಬಿಡಿ, ಆಮೇಲೆ ನೀರಿನ ಒತ್ತಡ ಎಷ್ಟಿದೆ ನೋಡಿ. ಟಿಕ್ ಟಿಕ್ ಅಂದ್ರೆ ಕೊಳವೆ ಕಾದು ಹಿಗ್ಗಿ ಹಲಗೆಗೆ ಉಜ್ಜುತ್ತಿದೆ, ಅಪಾಯ ಇಲ್ಲ.

ಫೋನ್ ಮಾಡಬೇಕಾದ ಸದ್ದುಗಳು

ಫ್ಯಾನ್ ತಿರುಗುವಾಗ ಪ್ರತಿ ಸುತ್ತಿಗೂ ಕರಕರ. ದಿನದಿಂದ ದಿನಕ್ಕೆ ಹೆಚ್ಚುವ, ಲೋಹ ಲೋಹಕ್ಕೆ ಉಜ್ಜಿದಂಥ ಗೊರಗೊರ; ಇದು ಬೇರಿಂಗ್ ಸವೆದ ಲಕ್ಷಣ. ಡಿಫ್ರಾಸ್ಟ್ ಇಲ್ಲದ ಹೊತ್ತಲ್ಲೂ ನಿಲ್ಲದ 'ಸ್ಸ್' ಸದ್ದು, ಜೊತೆಗೆ ಮನೆ ಬಿಸಿಯಾಗದೇ ಇರೋದು, ಅನಿಲ ಸೋರುತ್ತಿರಬಹುದು. ಎರಡು ಮೂರು ಡಿಫ್ರಾಸ್ಟ್ ಆದರೂ ಕರಗದ ಗಡ್ಡೆ. ಇವುಗಳಲ್ಲಿ ಯಾವುದೇ ಇದ್ರೂ ಯಂತ್ರ ನಿಲ್ಲಿಸಿ, ತಿಳಿದವರನ್ನು ಕರೆಸಿ. ಹೊದಿಕೆ ಬಿಚ್ಚಬೇಡಿ. ಹೊಸ ಯಂತ್ರಗಳಲ್ಲಿ ಹಲವು ಪ್ರೊಪೇನ್ ಬಳಸ್ತವೆ, ನಮ್ಮ ಅಡುಗೆ ಸಿಲಿಂಡರಿನ ಅನಿಲದ ಸಂಬಂಧಿ, ಬೆಂಕಿ ಹಿಡಿಯುವಂಥದ್ದು. ಮಂಜುಗಡ್ಡೆಯನ್ನು ಚಾಕುವಿನಿಂದ ಕೆತ್ತಬೇಡಿ, ಕುದಿಯುವ ನೀರು ಸುರಿಯಬೇಡಿ. ಕಾಯಿಲಿನ ತೆಳು ರೆಕ್ಕೆಗಳು ಹಾಳಾಗ್ತವೆ. ಸುತ್ತ ಬಿದ್ದ ಎಲೆ ಗುಡಿಸೋದು, ಡಿಫ್ರಾಸ್ಟ್ ನೀರು ಓಡಾಡುವ ಜಾಗಕ್ಕೆ ಹರಿದು ಹೆಪ್ಪುಗಟ್ಟದ ಹಾಗೆ ನೋಡೋದು, ಇಷ್ಟು ನಾವೇ ಮಾಡಬಹುದು.

ಪಕ್ಕದ ಮನೆಯವರ ಮಾತೂ ಮುಖ್ಯ. ಇಂಗ್ಲೆಂಡಿನಲ್ಲಿ 2011ರಿಂದ ಬಹಳ ವರ್ಷ, ಯೋಜನಾ ಅನುಮತಿ ಇಲ್ಲದೆ ಹಾಕುವ ಯಂತ್ರದ ಸದ್ದು ಪಕ್ಕದವರ ಕಿಟಕಿಯ ಬಳಿ 42 ಡೆಸಿಬೆಲ್ ದಾಟಬಾರದು ಅಂತ ಲೆಕ್ಕ ಇತ್ತು. ಗಡಿಯಿಂದ ಒಂದು ಮೀಟರ್ ದೂರ ಇರಬೇಕು ಅನ್ನುವ ನಿಯಮವನ್ನು 2025ರ ಮೇ ಕೊನೆಯಲ್ಲಿ ತೆಗೆದರು. ಸದ್ದಿನ ಲೆಕ್ಕ ಮಾತ್ರ ಇನ್ನೂ ಕಡ್ಡಾಯ. ಯಂತ್ರಗಳು ಗೋಡೆಗೆ ಹತ್ತಿರ ಬಂದಷ್ಟೂ ಅದನ್ನು ಎಲ್ಲಿ, ಹೇಗೆ ಕೂರಿಸ್ತೀವಿ ಅನ್ನೋದೇ ನೆರೆಹೊರೆಯ ಸ್ನೇಹ ಉಳಿಸೋದು.

ಕೊನೆಗೆ ಏನಾಯ್ತು?

ಹ್ಯಾರೋ ಮನೆಯವರು ಮೂರು ದಿನ ಒಂದು ಕಾಗದದಲ್ಲಿ ಬರೆದಿಟ್ರು: ಸದ್ದು ಎಷ್ಟು ಗಂಟೆಗೆ, ಹೊರಗೆ ಎಷ್ಟು ಡಿಗ್ರಿ, ಎಷ್ಟು ನಿಮಿಷ, ಆಗ ಫ್ಯಾನ್ ಓಡ್ತಿತ್ತಾ ನಿಂತಿತ್ತಾ. ಫೋನಿನಲ್ಲಿ ವಿಡಿಯೋ ಕೂಡ ಮಾಡಿಕೊಂಡ್ರು. ನೀವೂ ಹೀಗೇ ಮಾಡಿ. ರಿಪೇರಿಯವರು ಬಂದಾಗ ಸದ್ದು ಬರಲ್ಲ, ಹೋದ ಮೇಲೆ ಬರುತ್ತೆ. ಇದು ಎಲ್ಲ ಯಂತ್ರಗಳ ಜಾತಕ! ಪಟ್ಟಿ ನೋಡಿದ ತಂತ್ರಜ್ಞರು ಹತ್ತು ನಿಮಿಷದಲ್ಲಿ ಹೇಳಿದ್ರು: ಬುಸ್ ಸದ್ದು ಬರೀ ಡಿಫ್ರಾಸ್ಟ್. ಆದ್ರೆ ಅದು ಅತಿಯಾಗಿ ಆಗ್ತಿದ್ದದ್ದಕ್ಕೆ ಮಹಡಿಯ ಮುಚ್ಚಿದ ರೇಡಿಯೇಟರ್‌ಗಳೇ ಕಾರಣ. ಅವನ್ನು ತೆರೆದ್ರು, ಯಂತ್ರಕ್ಕೆ ರಬ್ಬರ್ ಪಾದ ಹಾಕಿಸಿದ್ರು, ರಾತ್ರಿ ಆರಿಸೋದು ಬಿಟ್ಟರು. ಪಕ್ಕದ ಮನೆಯವರಿಗೆ ವಿಷಯ ತಿಳಿಸಿ, ಅಮ್ಮ ಮಾಡಿದ ಕೋಡುಬಳೆಯನ್ನೂ ಕೊಟ್ಟು ಬಂದ್ರು.

ಬುಸ್ ಸದ್ದು ಈಗಲೂ ಬರುತ್ತೆ. ಅಮ್ಮ ಮಗ್ಗುಲು ಬದಲಿಸಿ, "ಹಿಮ ಕರಗಿಸ್ಕೊಳ್ತಿದೆ, ಬಿಡು" ಅಂತಾರಂತೆ.

ನಿಮ್ಮ ಮನೆಯ ಹೀಟ್ ಪಂಪ್ ಏನನ್ನುತ್ತೆ? ಸದ್ದು ರೆಕಾರ್ಡ್ ಮಾಡಿ ಕಳಿಸಿ, ಮುಂದೊಂದು ಸಂಚಿಕೆಯಲ್ಲಿ ಒಟ್ಟಿಗೆ ಕೇಳೋಣ. ಅಲ್ಲಿಯವರೆಗೆ ಬೆಚ್ಚಗಿರಿ. ನಮಸ್ಕಾರ.